ಹೊಸ್ತಿಲಲ್ಲಿ ನಿಂತ ನೀರು

ನಮ್ಮೂರಿನ ನೆಲ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಬದಲಿಸುವುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಚಳಿ ಹಿಂದೆಗೆಯುವ ಹೊತ್ತಿಗೆ ಒಂದು ದಿನ ಅಡುಗೆಮನೆಯಲ್ಲಿ ಕೈಜಾರಿ ಉರುಳಿದ ಈರುಳ್ಳಿ ಹೋದ ವರ್ಷದ ಮೂಲೆಗೆ ಹೋಗದೆ ಎದುರು ಮೂಲೆಗೆ ಹೋಗುತ್ತದೆ. ಹೆಂಗಸರು ಸರಿ, ಆಯಿತು ಎಂದುಕೊಂಡು ಮಂಚದ ಕಾಲಡಿಯ ಇಟ್ಟಿಗೆಯನ್ನು ಆ ಕಾಲಿನಿಂದ ಈ ಕಾಲಿಗೆ ಸರಿಸುತ್ತಾರೆ. ಎಲ್ಲ ಮನೆಗಳೂ ಒಂದೇ ಕಡೆ ವಾಲುವುದಿಲ್ಲ. ನಮ್ಮ ಮನೆ ಮೂಡಣಕ್ಕೆ ವಾಲಿದ ವರ್ಷ ಪಕ್ಕದ ಮನೆ ಪಡುವಣಕ್ಕೆ ವಾಲಿರಬಹುದು.

ಇದರಿಂದ ಇಟ್ಟಿಗೆ ಸರಿಸುವ ಕೆಲಸವಷ್ಟೇ ಇದ್ದಿದ್ದರೆ ಹೇಳುವುದಕ್ಕೇನೂ ಇರಲಿಲ್ಲ. ನಮ್ಮೂರು ಇರುವುದು ಒಂದು ದಿಣ್ಣೆಯ ನೆತ್ತಿಯ ಮೇಲೆ. ಇಲ್ಲಿಂದ ಮೂಡಣಕ್ಕೆ ಹರಿದ ನೀರು ಒಂದು ಸಮುದ್ರಕ್ಕೆ ಹೋಗುತ್ತದೆ, ಪಡುವಣಕ್ಕೆ ಹರಿದದ್ದು ಇನ್ನೊಂದಕ್ಕೆ. ಮೂಡಣ ಸೀಮೆಗೂ ಪಡುವಣ ಸೀಮೆಗೂ ನಡುವಿನ ಗಡಿಯೆಂದರೆ ನೀರು ಕವಲೊಡೆಯುವ ಈ ಗೆರೆಯೇ ಎಂದು ಯಾವುದೋ ಕಾಲದಲ್ಲಿ ಎರಡೂ ಕಡೆಯ ದೊಡ್ಡವರು ಒಪ್ಪಿ ಸಹಿ ಹಾಕಿಬಿಟ್ಟಿದ್ದಾರೆ. ಅವರಾರೂ ನಮ್ಮೂರಿಗೆ ಬಂದು ಈರುಳ್ಳಿ ಉರುಳಿಸಿ ನೋಡಿದವರಲ್ಲ. ಹಾಗಾಗಿ ಯುಗಾದಿ ಕಳೆದ ಮೂರನೆಯ ದಿನ ಎರಡೂ ಸೀಮೆಯ ಗಡಿ ಅಧಿಕಾರಿಗಳು ಪಟ್ಟಿ ಹಿಡಿದು ಮನೆಮನೆಗೆ ಬರುತ್ತಾರೆ. ಹೊಸ್ತಿಲ ಮುಂದೆ, ಸರಿಯಾಗಿ ನಡುವೆ, ಒಂದು ಚೆಂಬು ನೀರು ಹೊಯ್ಯುತ್ತಾರೆ. ನೀರು ಹರಿದ ಕಡೆಗೆ ಆ ಮನೆ. ಬಾಗಿಲ ಮೇಲಿನ ನಂಬರು ಅಳಿಸಿ ಹೊಸ ನಂಬರು ಬರೆಯುತ್ತಾರೆ, ಮುಂದಿನ ಮನೆಗೆ ಹೋಗುತ್ತಾರೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಮೂಡಣದ ಗಡಿಯಾರ ಅರ್ಧ ಗಂಟೆ ಮುಂದೆ, ಆದ್ದರಿಂದ ಮದುವೆಯ ಕರೆಯೋಲೆಯಲ್ಲಿ ಎರಡು ಮುಹೂರ್ತ ಅಚ್ಚಾಗುತ್ತದೆ. ಮೂಡಣದಲ್ಲಿ ಸೋಮವಾರ ಅಂಗಡಿ ಮುಚ್ಚಬೇಕು, ಪಡುವಣದಲ್ಲಿ ಗುರುವಾರ. ಕೆಲವು ಹೆಂಗಸರು ವರ್ಷವಿಡೀ ಗಂಡನ ಕಡೆಯವರಿಗೆ ಹೊರಸೀಮೆಯವರಾಗಿ, ಮರುವರ್ಷ ಒಂದೇ ಸೀಮೆಯವರಾಗಿ ಬದುಕುತ್ತಾರೆ. ಯಾರೂ ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ನಾನು ಇಲ್ಲಿನ ಶಾಲೆಯ ಟೀಚರು. ರತ್ನಾವತಿ ಅಂತ ಹೆಸರು. ಊರಿಗೆ ಒಂದೇ ಶಾಲೆ, ಶಾಲೆಗೆ ಒಬ್ಬಳೇ ಟೀಚರು, ಇಪ್ಪತ್ತಾರು ಮಕ್ಕಳು. ಎರಡೂ ಕಡೆಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುವ ಜಾಗ ಊರಿನಲ್ಲಿ ಇದೊಂದೇ. ಹಾಜರಿಗೆ ಮಾತ್ರ ಎರಡು ಪುಸ್ತಕ. ನನಗೆ ಭೂಗೋಳದ ಹುಚ್ಚು. ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಒಂದು ಸಂಗತಿ ಬರೆಯುತ್ತೇನೆ. ಒಂದು ದೇಶದಲ್ಲಿ ಮಳೆಗಾಲ ಬಂದರೆ ನದಿಯೊಂದು ಹಿಂದಕ್ಕೆ ಹರಿದು ತಾನು ಹುಟ್ಟಿದ ಸರೋವರವನ್ನೇ ತುಂಬುತ್ತದೆ. ಇನ್ನೊಂದು ಕಡೆ ದ್ವೀಪದೊಳಗೆ ಸರೋವರ, ಆ ಸರೋವರದೊಳಗೆ ಮತ್ತೆ ದ್ವೀಪ. ಮಕ್ಕಳು ಅಡ್ಡಬಾಯಿ ಹಾಕಿ ಪ್ರಶ್ನೆ ಕೇಳುತ್ತಾರೆ, ನಾನು ಗಣಿತದ ಹೊತ್ತನ್ನೆಲ್ಲ ಅದಕ್ಕೇ ಕಳೆಯುತ್ತೇನೆ. ಲೆಕ್ಕದಲ್ಲಿ ನಮ್ಮ ಮಕ್ಕಳು ಅಷ್ಟಕ್ಕಷ್ಟೇ ಇರುವುದು ನನ್ನಿಂದಲೇ.

ಶಾಲೆ ಯಾವ ಸೀಮೆಗೆ ಬೀಳುತ್ತದೆ ಎನ್ನುವುದು ನನಗೆ ಬೇರೆಯವರಷ್ಟು ಹಗುರವಾದ ವಿಷಯವಾಗಿರಲಿಲ್ಲ. ಮೂಡಣಕ್ಕೆ ಬಿದ್ದ ವರ್ಷ ಶಾಲೆಗೆ ಒಂದು ಗೋಳ ಬರುತ್ತದೆ, ನಲವತ್ತು ಪುಟದ ನಕ್ಷೆ ಪುಸ್ತಕ ಬರುತ್ತದೆ; ಪಡುವಣಕ್ಕೆ ಬಿದ್ದರೆ ಎರಡೂ ವಾಪಸ್ಸು ಹೋಗುತ್ತವೆ. ಪಡುವಣದ ಪಠ್ಯದಲ್ಲಿ ಭೂಗೋಳಕ್ಕೆ ಅರ್ಧ ಪುಟ. ಅವರ ನಕ್ಷೆಯಲ್ಲಿ ನಮ್ಮ ದಿಣ್ಣೆಯ ಆಚೆಗೆ ಬರೀ ಬಿಳಿ, ಅಲ್ಲಿ ಭೂಮಿಯೇ ಮುಗಿದುಹೋದಂತೆ. ಆ ಬಿಳಿಯನ್ನು ತೋರಿಸಿ ಪಾಠ ಮಾಡುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಳೆದ ವರ್ಷ ಶಾಲೆ ಮೂಡಣದಲ್ಲಿತ್ತು. ಈ ಸಲವೂ ಅಲ್ಲೇ ಇರಬೇಕೆಂದು ಹಠಕ್ಕೆ ಬಿದ್ದೆ.

ಹಠಕ್ಕೆ ಬಿದ್ದವಳು ಮಾಡಬಾರದ್ದನ್ನು ಮಾಡಿದೆ. ನೀರು ಹೊಯ್ಯುವುದಕ್ಕೆ ಎರಡು ದಿನ ಮುಂಚೆ, ಭಾನುವಾರ ಮಧ್ಯಾಹ್ನ, ಯಾರೂ ಇಲ್ಲದಾಗ ಒಂದು ಬುಟ್ಟಿ ಜೇಡಿಮಣ್ಣು ತಂದು ಶಾಲೆಯ ಹೊಸ್ತಿಲ ಮುಂದಿನ ಅಂಗಳದ ಪಡುವಣ ಮಗ್ಗುಲಿಗೆ ಬೆರಳು ದಪ್ಪ ಮೆತ್ತಿದೆ. ಪಡುವಣ ಎತ್ತರವಾದರೆ ನೀರು ಮೂಡಣಕ್ಕೆ ಹೋಗಲೇಬೇಕು. ಮೇಲೆ ಸಗಣಿ ಸಾರಿಸಿದೆ. ಕೈ ತೊಳೆದುಕೊಂಡು ಮನೆಗೆ ಹೋಗಿ ನಿದ್ದೆ ಮಾಡಿದೆ. ಚೆನ್ನಾಗಿಯೇ ನಿದ್ದೆ ಬಂತು, ಸುಳ್ಳು ಹೇಳುವುದಿಲ್ಲ.

ನೀರು ಹೊಯ್ಯುವ ದಿನ ಅಧಿಕಾರಿಗಳಿಬ್ಬರೂ ಬಂದರು. ಮೂಡಣದ ಶಾಮಣ್ಣ ತೆಳ್ಳಗಿನ ಮನುಷ್ಯ, ಬಿಸಿಲಿಲ್ಲದಿದ್ದರೂ ಕೊಡೆ ಹಿಡಿಯುತ್ತಾನೆ. ಪಡುವಣದ ಮುದ್ದೇಗೌಡ ದಪ್ಪ, ಕುಕ್ಕರುಗಾಲಿನಲ್ಲಿ ಕೂತರೆ ಏಳುವುದಕ್ಕೆ ಶಾಮಣ್ಣನ ಭುಜ ಬೇಕು. ಮಕ್ಕಳು ಗೋಡೆಗೆ ಒರಗಿ ನಿಂತಿದ್ದವು, ಅರ್ಧ ಊರು ಬೇಲಿಯ ಹೊರಗೆ ನಿಂತಿತ್ತು. ಚೆಂಬಿನ ನೀರು ಹೊಯ್ದರು. ನೀರು ಮೂಡಣಕ್ಕೆ ಒಂದು ಗೇಣು ಹೋಯಿತು, ತಿರುಗಿ ಬಂತು. ಪಡುವಣಕ್ಕೆ ಒಂದು ಗೇಣು ಹೋಯಿತು, ತಿರುಗಿ ಬಂತು. ಆಮೇಲೆ ಹೊಸ್ತಿಲ ಮುಂದೆ ಊಟದ ತಟ್ಟೆಯಷ್ಟಗಲ ನಿಂತುಬಿಟ್ಟಿತು. ಅಧಿಕಾರಿಗಳು ಕೂತೇ ಇದ್ದರು. ನೀರೂ ಕೂತೇ ಇತ್ತು. ಸ್ವಲ್ಪ ಹೊತ್ತಿಗೆ ಒಂದು ಗುಬ್ಬಿ ಬಂದು ಅದರಲ್ಲಿ ಮೈ ಕೊಡವಿಕೊಂಡು ಹೋಯಿತು.

“ನಮ್ದಲ್ಲ,” ಎಂದ ಶಾಮಣ್ಣ, ಪುಸ್ತಕ ಮುಚ್ಚಿ.

“ನಮ್ದೂ ಅಲ್ಲ ಬುಡಿ,” ಎಂದ ಮುದ್ದೇಗೌಡ.

ನೀರು ನಿಂತ ಮನೆ ಅಂದರೆ ಏನೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಹನ್ನೆರಡು ವರ್ಷದ ಹಿಂದೆ ಕ್ಷೌರದ ಅಂಗಡಿಯ ಮುಂದೆ ಹೀಗೇ ನಿಂತಿತ್ತು. ಎರಡೂ ಸೀಮೆಯ ಪಟ್ಟಿಯಿಂದ ಅಂಗಡಿಯ ಹೆಸರು ಬಿಟ್ಟುಹೋಯಿತು, ಬೀಗ ಬಿತ್ತು. ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ನೀರು ಹೊಯ್ಯಲು ಬಂದವರು ಪಟ್ಟಿಯಲ್ಲಿದ್ದ ಮನೆಗಳಿಗೆ ಹೋದರು. ಅಂಗಡಿ ಯಾವ ಪಟ್ಟಿಯಲ್ಲೂ ಇರಲಿಲ್ಲವಲ್ಲ, ಅದರ ಮುಂದೆ ಯಾರೂ ಚೆಂಬು ಎತ್ತಲಿಲ್ಲ. ಕ್ಷೌರಿಕ ಮೂರು ವರ್ಷ ಕಾದು ಮಗಳ ಊರಿಗೆ ಹೋದ. ಬೀಗ ಈಗಲೂ ಇದೆ. ಶಾಲೆಗೆ ಬೀಗ ಬಿದ್ದರೆ ಅದೂ ಹಾಗೇ. ಈ ಇಪ್ಪತ್ತಾರು ಮಕ್ಕಳಷ್ಟೇ ಅಲ್ಲ, ಇನ್ನು ಹುಟ್ಟುವವೂ ಓದಲಾರವು.

ಪಟ್ಟಿಗಳು ರಾಜಧಾನಿಗಳಿಗೆ ಹೋಗಲು ಏಳು ದಿನವಿತ್ತು. ಅಷ್ಟರೊಳಗೆ ಏನಾದರೂ ಆಗಬೇಕು. ನಾನು ಮೆತ್ತಿದ ಮಣ್ಣು ಸಾಲದೆ ಹೀಗಾಯಿತು ಅಂದುಕೊಂಡೆ. ಅದನ್ನು ಯಾರಿಗೂ ಹೇಳುವ ಧೈರ್ಯ ಬರಲಿಲ್ಲ, ಹೊಸ್ತಿಲ ಮುಂದಿನ ನೆಲ ಕೆಡಿಸಿದವರ ಹೆಸರು ಎರಡೂ ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಅಂಥವರು ಎರಡೂ ಸೀಮೆಯ ಯಾವ ಸರ್ಕಾರಿ ಹೊಸ್ತಿಲನ್ನೂ ತುಳಿಯುವಂತಿಲ್ಲ. ಟೀಚರಿಗೆ ಹೊಸ್ತಿಲು ಇಲ್ಲವೆಂದರೆ ಇನ್ನೇನು ಉಳಿಯಿತು. ಮೊದಲು ನನಗೆ ಗೊತ್ತಿರುವ ವಿದ್ಯೆಯಿಂದಲೇ ಗೆಲ್ಲುತ್ತೇನೆಂದು ನಕ್ಷೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಶಾಮಣ್ಣನ ಕಚೇರಿಗೆ ಹೋದೆ. ಎರಡು ದೇಶಗಳ ನಡುವಿನ ನದಿಯಲ್ಲಿ ಒಂದು ಪುಟ್ಟ ದ್ವೀಪವಿದೆ, ಆರು ತಿಂಗಳು ಒಂದು ದೇಶಕ್ಕೆ, ಆರು ತಿಂಗಳು ಇನ್ನೊಂದಕ್ಕೆ ಸೇರುತ್ತದೆ, ಮೂರೂವರೆ ಶತಮಾನದಿಂದ ಹೀಗೇ ನಡೆದಿದೆ, ಜಗಳವಿಲ್ಲ; ಶಾಲೆಯನ್ನೂ ಹಾಗೆ ಹಂಚಿಕೊಳ್ಳಿ ಅಂದೆ.

ಶಾಮಣ್ಣ ಗಮನವಿಟ್ಟು ಕೇಳಿದ. “ಆ ದ್ವೀಪದಲ್ಲಿ ಯಾರಿದಾರೆ?”

“ಯಾರೂ ವಾಸ ಇಲ್ಲ,” ಅಂದೆ.

“ಅದಕ್ಕೇ ಜಗಳ ಇಲ್ಲ,” ಎಂದು ಕಾಗದ ನೋಡತೊಡಗಿದ.

ಮುದ್ದೇಗೌಡನಿಗೆ ಬೇರೆ ಸಂಗತಿ ಇಟ್ಟುಕೊಂಡು ಹೋದೆ. ಒಂದು ಊರಿನಲ್ಲಿ ಗಡಿ ಮನೆಗಳ ನಡುವೆಯೇ ಹಾದುಹೋಗುತ್ತದೆ, ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ನಮ್ಮ ಶಾಲೆಯ ಬಾಗಿಲನ್ನು ಬೇಕಾದರೆ ನಾನೇ ಕೀಳಿಸಿ ಪಡುವಣದ ಗೋಡೆಗೆ ಇಡಿಸುತ್ತೇನೆ ಅಂದೆ. ಹಾಗೆ ಮಾಡಿದರೆ ಗೋಳ ಹೋಗಿಬಿಡುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಮುದ್ದೇಗೌಡ ನನಗೆ ಮಜ್ಜಿಗೆ ಕೊಡಿಸಿದ. “ಟೀಚರಮ್ಮ, ನೀವು ಹೇಳೋದೆಲ್ಲ ಚೆಂದಾಗೇ ಅದೆ. ನಮ್ ಪುಸ್ತಕದಲ್ಲಿ ಬಾಗ್ಲು ಇಲ್ಲ, ನೀರು ಒಂದೇ ಇರಾದು. ಯಾರಾರ ಕೈಯಾಕಿ ನೆಲ ಕೆಡ್ಸವ್ರೆ ಅಂತ ಗೊತ್ತಾದ್ರೆ ಮಾತ್ರವ ಕೆರೆದಾಕಿ ಇನ್ನೊಂದ್ಸಲ ಹೊಯ್ಬೋದು. ಅಂಗ್ ಮಾಡಿರೋರು ಯಾರಿದ್ದಾರು ಹೇಳಿ, ತಮ್ ಹೆಸರ್ನ ತಾವೇ ಹೊಡೆಸ್ಕೊಳಕ್ಕೆ,” ಎಂದ. ನಾನು ಮಜ್ಜಿಗೆ ಮುಗಿಸಿ ಎದ್ದು ಬಂದೆ.

ಮನೆಗೆ ಬಂದು ಎರಡು ದಿನ ಕಾಗದ ಬರೆದೆ. ಎರಡೂ ರಾಜಧಾನಿಗಳಿಗೂ ಬರೆದೆ. ಮರುಭೂಮಿಯ ಮರಳಿನಲ್ಲಿ ಇಂಗಿ ಯಾವ ಸಮುದ್ರವನ್ನೂ ಸೇರದ ನದಿಯ ಕಥೆ ಬರೆದೆ. ಅದನ್ನು ನದಿಯಲ್ಲವೆಂದು ಯಾರಾದರೂ ಪಟ್ಟಿಯಿಂದ ಬಿಟ್ಟಿದ್ದಾರೆಯೇ ಎಂದು ಕೇಳಿದೆ. ಚೆನ್ನಾಗಿಯೇ ಬರೆದಿದ್ದೆ. ಆದರೆ ಟಪಾಲು ತಲುಪುವುದಕ್ಕೇ ಹತ್ತು ದಿನ ಬೇಕು ಎಂದು ಅಂಚೆಯವನು ಹೇಳಿದ.

ಐದನೆಯ ದಿನ ಮಧ್ಯಾಹ್ನ ಚಿಕ್ಕತಾಯಿ ನನ್ನ ಮನೆಗೆ ಬಂದಳು. ಶಾಲೆಯಲ್ಲಿ ಅಡುಗೆ ಮಾಡುವವಳು ಅವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಒಳಗೆ ಬಾ ಅಂದರೂ ಬರದೆ ಬಾಗಿಲಲ್ಲೇ ಕುಸಿದು ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

“ನಾನೇ ಕಣವ್ವಾ ಇಸ್ಕೂಲ್ ಬಾಗ್ಲು ಮುಚ್ಚಿಸ್ದೋಳು. ಸೋಮವಾರ ಎದ್ದೋಳೇ ಮೂಡ್ಲಾಗೆ ಜೇಡಿಮಣ್ಣು ಮೆತ್ಬುಟ್ಟೆ. ನೀರು ಪಡುವ್ಲಾಗೆ ಹೋಗ್ಲಿ ಅಂತವ. ಸಾರಿಸೋ ಕೆಲ್ಸ ನಂದೇ ಅಲ್ವಾ, ಯಾರ್ಗೂ ಗೊತ್ತಾಗಾಕಿಲ್ಲ ಅನ್ಕೊಂಡೆ.”

ನಾನು ಪಡುವಣವನ್ನು ಎತ್ತರಿಸಿದ್ದೆ, ಅವಳು ಮೂಡಣವನ್ನು ಎತ್ತರಿಸಿದ್ದಳು. ಇಬ್ಬರೂ ಸೇರಿ ಶಾಲೆಯ ಮುಂದೆ ಒಂದು ಕೆರೆ ಕಟ್ಟಿದ್ದೆವು. ಅಷ್ಟು ದುಃಖದಲ್ಲೂ ನಗು ಬಂದುಬಿಟ್ಟಿತು. ನನ್ನ ಕಡೆಯದನ್ನು ಹೇಳಿದೆ. ಅವಳೂ ಮೂಗು ಒರೆಸಿಕೊಳ್ಳುತ್ತ ನಕ್ಕಳು.

“ಪಡುವಣಕ್ಕೆ ಯಾಕೆ ಬೇಕಿತ್ತು ನಿನಗೆ?” ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಅಲ್ಲಿ ಅನ್ನ ಕೊಡ್ತಾರಲ್ಲವ್ವ. ಬ್ಯಾಳೆ ಕೊಡ್ತಾರೆ, ವಾರುಕ್ ಎಲ್ಡ್ ಸಲ ಮೊಟ್ಟೆ ಕೊಡ್ತಾರೆ. ಮೂಡ್ಲವ್ರು ಕೊಡಾದು ಒಂದಿಡಿ ಹುರಿಗಡ್ಲೆ. ಹೋದೊರ್ಸ ಪೂರಾ ನಮ್ ಮಕ್ಳು ಮಧ್ಯಾನ್ದೊತ್ತು ನೀರ್ ಕುಡ್ದು ಮಲ್ಗೋವು. ನೀವು ನೋಡ್ನಿಲ್ವಾ?”

ನೋಡಿದ್ದೆ. ಮಧ್ಯಾಹ್ನ ಮಕ್ಕಳು ತೂಕಡಿಸುತ್ತವೆಂದು ಗೊತ್ತಿತ್ತು. ಬಿಸಿಲಿಗೆ ಅಂದುಕೊಂಡಿದ್ದೆ. ತೂಕಡಿಸಬಾರದೆಂದು ಗೋಳ ತಿರುಗಿಸಿ ತೋರಿಸುತ್ತಿದ್ದೆ. ನನಗೆ ನಾಚಿಕೆಯಾಯಿತು. ಇಪ್ಪತ್ತಾರು ಹಸಿದ ಹೊಟ್ಟೆಗಳ ಮುಂದೆ ಒಂದು ಬಣ್ಣದ ಚೆಂಡು ಇಟ್ಟುಕೊಂಡು ಹಠ ಹಿಡಿದಿದ್ದವಳು ನಾನು.

ಚಿಕ್ಕತಾಯಿ ಎದ್ದು ನಿಂತಳು. “ನಾನ್ ಹೋಗಿ ಒಪ್ಕತೀನಿ. ನಂಗೇನು, ಹೆಸ್ರಿದ್ರೆ ಎಷ್ಟು ಹೋದ್ರೆ ಎಷ್ಟು.”

“ನೀನು ಹೋದರೆ ಅಡುಗೆ ಮಾಡುವವರು ಯಾರು? ನಿನ್ನನ್ನು ಹೊಸ್ತಿಲಿನೊಳಗೆ ಬಿಡುವುದಿಲ್ಲ.”

“ನಿಮ್ಮನ್ನೂ ಬುಡಾಕಿಲ್ಲ.”

“ನನ್ನ ಜಾಗಕ್ಕೆ ಇನ್ನೊಬ್ಬರನ್ನು ಕಳಿಸುತ್ತಾರೆ. ಟೀಚರು ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತಾರು ಮಕ್ಕಳಲ್ಲಿ ಯಾವುದಕ್ಕೆ ಖಾರ ಆಗುವುದಿಲ್ಲ, ಯಾವುದು ಇನ್ನೂ ಬೇಕು ಅಂತ ಕೇಳುವುದಕ್ಕೆ ನಾಚುತ್ತದೆ ಅಂತ ಗೊತ್ತಿರುವವಳು ನೀನೊಬ್ಬಳೇ,” ಅಂದೆ. ಅವಳು ಒಪ್ಪಲಿಲ್ಲ. ಸಂಜೆಯವರೆಗೂ ಜಗಳವಾಡಿದೆವು. ಕೊನೆಗೆ ನಾನು ಟೀಚರ ದನಿ ತೆಗೆದೆ. ಅದಕ್ಕೆ ಅವಳು ಯಾವಾಗಲೂ ಸೋಲುತ್ತಾಳೆ.

ಮರುದಿನ ಬೆಳಿಗ್ಗೆ ಅಧಿಕಾರಿಗಳಿಬ್ಬರನ್ನೂ ಶಾಲೆಯ ಅಂಗಳಕ್ಕೆ ಕರೆಸಿದೆ. ಸುದ್ದಿ ಹೇಗೆ ಹಬ್ಬಿತೋ, ಬೇಲಿಯ ಹೊರಗೆ ಆವತ್ತಿಗಿಂತ ಹೆಚ್ಚು ಜನ. ಹೊಸ್ತಿಲ ನೆಲಕ್ಕೆ ಕೈಹಾಕಿದವಳು ನಾನು, ಕೆರೆದು ನೋಡಿ, ಇನ್ನೊಮ್ಮೆ ನೀರು ಹೊಯ್ಯಿರಿ ಅಂದೆ. ದನಿ ಪಾಠ ಹೇಳುವ ದನಿಯಂತೆಯೇ ಬಂತು. ಶಾಮಣ್ಣ ಕೊಡೆಯ ತುದಿಯಿಂದ ಪಡುವಣ ಮಗ್ಗುಲನ್ನು ಕೆರೆದ. ಸಗಣಿಯ ಪದರು ಎದ್ದು ಹಳದಿ ಜೇಡಿ ಕಂಡಿತು. ಅಷ್ಟಕ್ಕೆ ನಿಲ್ಲಿಸುತ್ತಾನೆಂದುಕೊಂಡಿದ್ದೆ. ಶಿಸ್ತಿನ ಮನುಷ್ಯ, ಮೂಡಣ ಮಗ್ಗುಲನ್ನೂ ಕೆರೆದ. ಅಲ್ಲೂ ಜೇಡಿ.

“ಎರಡೂ ಕಡೆ ಮೆತ್ತಿದೀರಿ,” ಎಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು. “ಒಂದು ಕಡೆ ಮೆತ್ತೋರನ್ನ ನಾನು ನೋಡಿದೀನಿ. ಎರಡೂ ಕಡೆ ಯಾಕೆ ಮೆತ್ತುತ್ತಾರೆ?”

ಇದನ್ನು ನಾವು ಯೋಚಿಸಿರಲಿಲ್ಲ. ಚಿಕ್ಕತಾಯಿ ನನ್ನ ಪಕ್ಕದಲ್ಲಿದ್ದಳು. ಅವಳು ಬಾಯಿ ತೆರೆಯುವುದು ಕಂಡಿತು. ಅವಳ ಕಾಲ್ಬೆರಳನ್ನು ಹಿಮ್ಮಡಿಯಿಂದ ತುಳಿದು ಹಿಡಿದೆ.

“ಯಾವ ಕಡೆಗೂ ಹೋಗಬಾರದು ಅಂತ ಮೆತ್ತಿದೆ,” ಅಂದೆ. “ಮಕ್ಕಳಿಗೆ ಪ್ರತಿ ವರ್ಷ ಅರ್ಧ ಪ್ರಪಂಚ ಮರೆಸಿ ಇನ್ನರ್ಧ ಕಲಿಸಬೇಕು. ಹದಿನಾಲ್ಕು ವರ್ಷ ಮಾಡಿದೆ. ನನಗೆ ಸಾಕಾಯಿತು.”

ಸುಳ್ಳು ಹೇಳಲು ಹೊರಟಿದ್ದೆ. ಹೇಳುತ್ತ ಹೇಳುತ್ತ ಅದು ಸುಳ್ಳಲ್ಲವೆಂದು ಗೊತ್ತಾಯಿತು. ಇಷ್ಟು ವರ್ಷ ಗೋಳ ಬೇಕು, ನಕ್ಷೆ ಬೇಕು ಎಂದು ಮೂಡಣದ ಕಡೆ ನೋಡುತ್ತಿದ್ದವಳ ಹೊಟ್ಟೆಯೊಳಗೆ ಇದ್ದದ್ದು ಇದೇ ಸಿಟ್ಟು. ಯಾವತ್ತೂ ಯಾರ ಮುಂದೆಯೂ ಆಡಿರಲಿಲ್ಲ.

ಬೇಲಿಯ ಹೊರಗೆ ಗುಜುಗುಜು ಎದ್ದಿತು. ಪುರಿ ಹುರಿದು ಮಾರುವ ದುಂಡಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: “ಇವಳ ಹಠಕ್ಕೆ ನಮ್ ಮಕ್ಕಳ ಇಸ್ಕೂಲ್ಗೆ ಬೀಗ ಬೀಳೋದಿತ್ತು. ಟೀಚರಂತೆ ಟೀಚರು.” ಅವಳ ಮಗಳು ಚಂದ್ರಿ ನನ್ನ ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವಳು, ಭೂಗೋಳದಲ್ಲಿ ನನ್ನನ್ನೇ ಪೇಚಿಗೆ ಸಿಕ್ಕಿಸುವವಳು. ದುಂಡಮ್ಮ ಮಗಳ ಮುಖವನ್ನು ತನ್ನ ಸೆರಗಿನ ಕಡೆಗೆ ತಿರುಗಿಸಿಕೊಂಡಳು. ಹೆಸರು ಹೊಡೆಯುವುದಕ್ಕಿಂತ ಅದು ಹೆಚ್ಚು ನೋಯಿಸಿತು. ಆದರೂ ಹಿಮ್ಮಡಿ ಎತ್ತಲಿಲ್ಲ.

ಮಣ್ಣನ್ನೆಲ್ಲ ಕೆರೆದು ಹಾಕಿದರು. ಹಳೆಯ ಗಟ್ಟಿ ನೆಲ ಬಂತು. ಮುದ್ದೇಗೌಡ ಚೆಂಬು ಎತ್ತಿ ಹೊಯ್ದ. ನೀರು ಒಂದು ಗಳಿಗೆ ಸುಮ್ಮನಿತ್ತು, ಆಮೇಲೆ ಅನುಮಾನವೇ ಇಲ್ಲದಂತೆ ಪಡುವಣಕ್ಕೆ ಹರಿದು ಬೇಲಿಯ ಬುಡ ಸೇರಿತು. ನಾವಿಬ್ಬರೂ ಮಣ್ಣು ಮುಟ್ಟದಿದ್ದರೂ ಶಾಲೆ ಅಲ್ಲಿಗೇ ಹೋಗುತ್ತಿತ್ತು. ಗೋಳ ಹೋಯಿತೆಂದು ಸಂಕಟವಾಯಿತು, ಅನ್ನ ಬಂತೆಂದು ಸಮಾಧಾನವೂ ಆಯಿತು. ಎರಡೂ ಒಟ್ಟಿಗೇ ಆದವು. ಮುದ್ದೇಗೌಡ ಬಾಗಿಲ ಮೇಲೆ ನಂಬರು ಬರೆದ. ಶಾಮಣ್ಣ ತನ್ನ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು ಪುಸ್ತಕವನ್ನು ಮುದ್ದೇಗೌಡನಿಗೂ ತೋರಿಸಿದ, ಅವನೂ ತನ್ನದರಲ್ಲಿ ಎಳೆದ. ಶಾಲೆಯ ಬೀಗದಕೈಯನ್ನು ಚಿಕ್ಕತಾಯಿಗೂ ಹಾಜರಿ ಪುಸ್ತಕಗಳೆರಡನ್ನು ಮುದ್ದೇಗೌಡನಿಗೂ ಕೊಟ್ಟೆ. ಹೊಸ ಮೇಷ್ಟ್ರು ಬರುವುದಕ್ಕೆ ಒಂದೂವರೆ ತಿಂಗಳಾಗಬಹುದು ಎಂದರು.

ಮರುದಿನ ಮನೆಯಲ್ಲಿ ಕೂರಲಾಗಲಿಲ್ಲ. ಎಂದಿನ ಹೊತ್ತಿಗೆ ಎಂದಿನ ಸೀರೆ ಉಟ್ಟು ಹೊರಟೆ. ಬೇಲಿಯ ಹೊರಗೆ, ಬೀದಿಯಲ್ಲಿ ನಿಂತೆ. ಒಳಗೆ ಒಲೆಯ ಹೊಗೆ ಏಳುತ್ತಿತ್ತು, ಮುದ್ದೇಗೌಡ ಹಿಂದಿನ ಸಂಜೆಯೇ ಕಳಿಸಿದ್ದ ಬೇಳೆ ಬೇಯುವ ವಾಸನೆ ಬರುತ್ತಿತ್ತು. ಮಕ್ಕಳು ಬಂದಿದ್ದವು, ಪಾಠವಿಲ್ಲದೆ ಕಿರುಚಾಡುತ್ತಿದ್ದವು. ಕಿಟಕಿಯಿಂದ ಒಂದು ತಲೆ ನನ್ನನ್ನು ಕಂಡಿತು, ಆಮೇಲೆ ಎಲ್ಲ ಕಿಟಕಿಗಳಲ್ಲೂ ತಲೆಗಳು. ಕಿರುಚಾಟ ನಿಂತಿತು. ಚಿಕ್ಕತಾಯಿ ಸೌಟು ಹಿಡಿದೇ ಹೊರಬಂದಳು.

“ಯಾಕವ್ವ ಅಲ್ಲೇ ನಿಂತ್ರಿ?”

“ಹೊಸ್ತಿಲು ತುಳಿಯುವಂತಿಲ್ಲವಲ್ಲ.”

ಅವಳು ಹೊಸ್ತಿಲನ್ನು ನೋಡಿದಳು, ನನ್ನನ್ನು ನೋಡಿದಳು, ಬೀದಿಯ ಆ ತುದಿಯಿಂದ ಈ ತುದಿಯವರೆಗೂ ನೋಡಿದಳು. “ಬೀದಿಗೆ ಯಾವ ನನ್ಮಗ ಚೆಂಬಲ್ಲಿ ನೀರ್ ಹೊಯ್ದವ್ನೆ,” ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬೋರ್ಡನ್ನು ಬೆನ್ನಿಗೆ ಆನಿಸಿಕೊಂಡು ಬಾಗಿ ಬಾಗಿ ಹೊರಗೆ ತಂದಳು. ಹಿಂದೆಯೇ ಮಕ್ಕಳು ಚಾಪೆಗಳನ್ನು ಎಳೆದುಕೊಂಡು ಬಂದವು. ಬೀದಿಯ ಉದ್ದಕ್ಕೂ ಹಾಸಿ ಕೂತವು. ಎತ್ತಿನ ಗಾಡಿಯವನೊಬ್ಬ ಬಂದು ನೋಡಿ ಗಾಡಿ ತಿರುಗಿಸಿಕೊಂಡು ಹೋದ.

ಹಾಜರಿ ಪುಸ್ತಕ ನನ್ನ ಹತ್ತಿರ ಇರಲಿಲ್ಲ. ನೆನಪಿನಿಂದಲೇ ಕರೆದೆ. ಯಾರು ಮೂಡಣ, ಯಾರು ಪಡುವಣ ಎಂದು ಬೇರೆ ಮಾಡದೆ, ಕೂತ ಸಾಲಿನಂತೆ ಹೆಸರುಗಳು ಬಾಯಿಗೆ ಬಂದವು. ಇಪ್ಪತ್ತೈದು ಮಕ್ಕಳು ಹಾಜರ್ ಅಂದವು. ಚಂದ್ರಿ ಎಂದು ಕರೆದಾಗ ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದೆ.

ಬೀದಿಯ ತಿರುವಿನಲ್ಲಿ ದುಂಡಮ್ಮ ನಿಂತಿದ್ದಳು, ತಲೆಯ ಮೇಲೆ ಪುರಿಯ ಮೂಟೆ, ಕೈಯಲ್ಲಿ ಚಂದ್ರಿಯ ಕೈ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ನನ್ನ ಮುಖ ನೋಡಲಿಲ್ಲ. ಚಾಪೆಗಳ ಸಾಲನ್ನು ನೋಡಿದಳು, ಬಿಸಿಲು ಬರುವ ಕಡೆ ನೋಡಿದಳು.

“ಇನ್ನೊಂದ್ಗಳ್ಗೆಗೆ ಇಲ್ಲಿ ಬಿಸ್ಲು ಬಡೀತದೆ,” ಎಂದಳು, ಬೋರ್ಡಿಗೆ ಹೇಳುವಂತೆ. “ಮಕ್ಕಳ್ನ ಆ ಗೋಡೆ ನೆರಳ್ಗೆ ಕೂರ್ಸಬೇಕು.” ಮಗಳ ಕೈ ಬಿಟ್ಟಳು. ಮೂಟೆ ಕೆಳಗಿಟ್ಟು, ಒಂದು ಚಾಪೆಯ ತುದಿ ಹಿಡಿದು, ಇನ್ನೊಂದು ತುದಿ ಹಿಡಿಯಲು ನನಗಾಗಿ ಕಾದಳು.